ಇಲ್ಲಿ ಹತ್ತ್ಯಾದೇನ್ರಿ?

ಆಳಂದ
೯ ಫೆಬ್ರುವರಿ ೨೦೨೫

ಇಜೇರಿಯ ಅವ್ವನಿಗೆ ಮಗಳು ಶಿವಕಾಂತಾ ಮಾಡುವ ಶರಣು.

ಫೋನಿನ ಕಾಲದಲ್ಲಿ ಕಾಗದ ಬರೆದಳಲ್ಲ, ಇವಳಿಗೇನು ಬಂತು ಎನ್ನಬೇಡ. ನನ್ನ ಫೋನನ್ನು ನಿನ್ನ ಅಳಿಯ ಗೋಡೆಗೆ ಒಗೆದು ಒಡೆದ. ನಿನ್ನ ಫೋನು ಅಣ್ಣನ ಜೇಬಿನಲ್ಲಿರುತ್ತದೆ. ಕಾಗದವನ್ನಾದರೆ ನೀನೊಬ್ಬಳೇ ಕೂತು ಓದಬಹುದು. ಎಡ ಮೊಣಕೈ ಮುರಿದಿದೆ, ಬಲಗೈ ನೆಟ್ಟಗಿದೆ. ನನ್ನ ಜೊತೆ ಓದಿದ ಭುವನೇಶ್ವರಿ ಇಲ್ಲಿ ಟೀಚರ್, ಅವಳ ಮನೆಯಲ್ಲಿದ್ದೇನೆ. ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆ ನೀವು ಮಾಡಿ ನೋಡಿದಿರಿ, ಮನೆ ನಾನು ಕಟ್ಟಿಸಿ ನೋಡಿದೆ. ಅಫಜಲಪುರದ ಆ ಹೊಸ ಮನೆಯಲ್ಲಿ ಇಂಟರ್ನೆಟ್ಟಿನ ವೈರು ಎಲ್ಲೆಲ್ಲಿ ಹೋಗಬೇಕು ಎಂದು ಸೀಮೆಸುಣ್ಣದಿಂದ ಗೋಡೆಗೆ ಗೆರೆ ಎಳೆದವಳು ನಾನೇ. ಸಿಮೆಂಟಿನ ಗಿಲಾವ್ ಬಳಿದ ಮೇಲೆ ಗೋಡೆ ಕೆತ್ತುವುದಕ್ಕಿಂತ ಮೊದಲೇ ಪೈಪು ಹಾಕಿಸೋಣ ಎಂದೆ. ಕೆಳಗಿನ ಗೋಡೆಗಳೆಲ್ಲ ದಪ್ಪ ಕಲ್ಲಿನವು, ಒಂದೇ ವೈಫೈ ಡಬ್ಬಿ ಇಟ್ಟರೆ ಒಳಕೋಣೆಗಳಿಗೆ ಸಿಗುವುದಿಲ್ಲ, ನಡುಮನೆಗೊಂದು, ಮೆಟ್ಟಿಲ ಹತ್ತಿರ ಒಂದು ಬೇಕು ಎಂದೆ. ವಿಶ್ವಾರಾಧ್ಯ ಎಲ್ಲದಕ್ಕೂ ಹೂಂ ಎಂದ. ಗಂಡನ ಹೆಸರು ಹಿಡಿದು ಬರೆಯುತ್ತಿದ್ದೇನೆ, ಬೈಯಬೇಡ. ಇನ್ನು ಮುಂದೆ ಹೀಗೇ ಬರೆಯುತ್ತೇನೆ. ಆ ದಿನಗಳಲ್ಲಿ ನನಗೆ ಎಷ್ಟು ಉಮೇದು ಇತ್ತೆಂದರೆ, ಈ ಮನೆಗೆ ಹೋದ ಮೇಲೆ ಇವನು ಬದಲಾಗುತ್ತಾನೆ ಎಂದೇ ನಂಬಿದ್ದೆ. ಎಂಥ ಹುಚ್ಚಿ!

ವೈರು ಎಳೆಯಲು ಬಂದವನು ಮಸೂದ. ಕೆಲಸ ಅರ್ಧ ಆಗುವಾಗ ವಿಶ್ವಾರಾಧ್ಯ ಕೋಣೆ ಕೋಣೆಗೂ ಕ್ಯಾಮೆರಾ ಬೇಕೆಂದ. ಕಳ್ಳರಿಗೆಂದು ತಿಳಿದಿದ್ದೆ, ಅವು ಇದ್ದದ್ದು ನನಗೆ. ವಾಸ್ತುಶಾಂತಿಗೆ ಮೊದಲೇ ನಾನು ದಿನಾ ಆ ಮನೆಗೆ ಹೋಗಿ ಗುಡಿಸಿ ಸಾಮಾನು ಜೋಡಿಸುತ್ತಿದ್ದೆನಲ್ಲ, ಅವನ ಅಂಗಡಿಯಿಂದಲೇ ಫೋನು ಬರುತ್ತಿತ್ತು. “ಕಿಟಕಿ ಕಡಿ ಯಾಕ ನಿಂತೀಯಬೇ? ಯಾರ್ನ ನೋಡಾಕತ್ತಿ?” ಕಿಟಕಿಯಲ್ಲಿ ನೋಡಲು ತೊಗರಿ ಹೊಲ ಬಿಟ್ಟರೆ ಏನೂ ಇರಲಿಲ್ಲ. ಸಂಜೆ ಬಂದು ನನ್ನ ಜಡೆ ಹಿಡಿದು ಕಾಳಿನ ಕೋಣೆಗೆ ಎಳೆದೊಯ್ಯುತ್ತಿದ್ದ. ಆ ಕೋಣೆಗೆ ನೆಟ್ ಬರುತ್ತಿರಲಿಲ್ಲ, ಅದಕ್ಕೇ ಕ್ಯಾಮೆರಾ ಇರಲಿಲ್ಲ. ಬೆಲ್ಟಿನಿಂದ ಹೊಡೆದ. ಲಟ್ಟಣಿಗೆಯಿಂದ ಹೊಡೆದ. ಒಮ್ಮೆ ಬಾಯಿಗೆ ಅರಿವೆ ತುರುಕಿ ಹೊಟ್ಟೆಗೆ ಒದ್ದ. ಅತ್ತೆ ಹೊರಗೆ ಕೂತು ಸೊಪ್ಪು ಸೋಸುತ್ತಿದ್ದರು.

ಒಂದು ದಿನ ಮಸೂದ ಕಾಳಿನ ಕೋಣೆಗೂ ನೆಟ್ ಬರುತ್ತದೆಯೇ ಎಂದು ನೋಡಲು ಬಂದ. ನಾನು ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತು, ಬಾತ ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದೆ. ಹಿಂದಿನಿಂದ ಅವನು ಕೇಳಿದ, “ಅಕ್ಕಾ, ಇಲ್ಲಿ ಹತ್ತ್ಯಾದೇನ್ರಿ?”

ನಮ್ಮ ಕಡೆ ಫೋನೂ ಹತ್ತುತ್ತದೆ, ಪೆಟ್ಟೂ ಹತ್ತುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ತಿರುಗದೆಯೇ ಹೇಳಿಬಿಟ್ಟೆ: “ಭಾಳ ಹತ್ತ್ಯಾದ ತಮ್ಮಾ. ಲಟ್ಟಣಿಗೀಲೆ ಹೊಡದಾರ. ಎಲುಬಿಗೇ ಹತ್ತ್ಯಾದ.” ತಿರುಗಿ ನೋಡಿದರೆ ಅವನ ಕೈಯಲ್ಲಿ ಫೋನಿತ್ತು, ಕಣ್ಣು ಅದರ ಮೇಲಿತ್ತು. ಅವನು ಕೇಳಿದ್ದು ನೆಟ್ಟಿನ ಸುದ್ದಿ. ಅವ್ವ, ಆ ಮನೆಯಲ್ಲಿ ಅಷ್ಟು ದಿನಗಳಲ್ಲಿ ನನಗೆ ಹತ್ತಿತೇ ಎಂದು ಯಾರೂ ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ, ನಾನೇ ಹಾಗೆ ಕೇಳಿಸಿಕೊಂಡೆ. ಅಳು ತಡೆಯಲಾಗಲಿಲ್ಲ. ಅವನು ಪಾಪ, ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತ.

ಅವತ್ತೇ ಕೇಳಿಕೊಂಡೆ, ಗೋಡೆಯಾಚೆ ಇನ್ನೊಂದು ಡಬ್ಬಿ ಕೂಡಿಸು, ಈ ಕೋಣೆಗೂ ಯಾರಿಗೂ ಕಾಣದಂತೆ ಒಂದು ಕ್ಯಾಮೆರಾ ಹಾಕು, ವಾಸ್ತುವಿನ ದಿನ ಚಾಲೂ ಮಾಡು ಎಂದು. ಅವನು ಹೆದರಿದ, ಆದರೂ ಮಾಡಿದ.

ವಾಸ್ತುವಿನ ದಿನ ನೀನೂ ಇದ್ದೆ. ದೊಡ್ಡ ಟಿವಿಯಲ್ಲಿ ಮನೆಯ ಕೋಣೆಗಳನ್ನೆಲ್ಲ ಒಟ್ಟಿಗೆ ತೋರಿಸಿ, “ನೋಡ್ರಿ, ಒಂದ್ ಇಲಿ ಓಡಾಡಿದ್ರೂ ಕಾಣ್ತದ” ಎಂದು ವಿಶ್ವಾರಾಧ್ಯ ಬೀಗರ ಮುಂದೆ ಬೀಗಿದ. ಆಮೇಲೆ ಬಡಿಸುವ ಗದ್ದಲ. ಆ ಗದ್ದಲದಲ್ಲೇ ಮಸೂದ ಕಾಳಿನ ಕೋಣೆಯ ಕ್ಯಾಮೆರಾ ಚಾಲೂ ಮಾಡಿದ, ವಿಶ್ವಾರಾಧ್ಯನಿಗೆ ಗೊತ್ತಾಗಲಿಲ್ಲ. ನಾನು ಬೇಕಂತಲೇ, ಅವನು ನೋಡುತ್ತಿರುವಾಗಲೇ, ಮಸೂದನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ನಕ್ಕೆ. ಹೌದು ಅವ್ವ, ಏಟನ್ನು ನಾನೇ ಕರೆದೆ. ಇಷ್ಟು ಮಂದಿ ಕಣ್ಣಾರೆ ಕಂಡರೆ ಒಬ್ಬರಾದರೂ ಏಳುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಬೆಲ್ಲ ತೆಗೆದುಕೊಡು ಬಾ ಎಂದು ಕಾಳಿನ ಕೋಣೆಗೆ ಕರೆದ. ಅಗಳಿ ಹಾಕಿದ. ಮೊದಲ ಏಟಿಗೇ ತುಟಿ ಹರಿಯಿತು. ಕೆಳಗೆ ಬಿದ್ದವಳ ಎದೆಯ ಮೇಲೆ ಮೊಣಕಾಲೂರಿ, ಎಡಗೈಯನ್ನು ಹಿಂದಕ್ಕೆ ತಿರುವಿದ. ಲಟ್ ಎಂದದ್ದು ನನಗೇ ಕೇಳಿಸಿತು. ನಾನು ಕೂಗಿದೆ. ಬಾಗಿಲ ಕಡೆಗೇ ನೋಡುತ್ತ ಕೂಗಿದೆ. ಯಾರೂ ಬಾಗಿಲು ಬಡಿಯಲಿಲ್ಲ.

ಹೊರಗೆ ನಡೆದದ್ದನ್ನು ಆಮೇಲೆ ಮಸೂದ ಹೇಳಿದ. ಎಲ್ಲ ಟಿವಿಯಲ್ಲಿ ಕಾಣುತ್ತಿತ್ತು, ದನಿಯೂ ಬರುತ್ತಿತ್ತು. ಅವನೊಬ್ಬ ಎದ್ದು ಓಡಿದ. ಅಣ್ಣ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿ, “ಗಂಡ ಹೆಂಡ್ತಿ ನಡುವ ಬರಾಕ ನೀ ಯಾರಲೇ?” ಎಂದನಂತೆ. ಯಾರೋ ಹಿರಿಯರು, “ಗಂಡ ಹೆಂಡರ ಜಗಳ ಉಂಡು ಮಲಗೂ ತನಕ, ಬಡಸ್ರಿ” ಎಂದರಂತೆ. ಎಲ್ಲರೂ ಉಂಡರು. ಅಷ್ಟರಲ್ಲಿ ಟಿವಿ ಬಂದ್ ಆಯಿತು. ನೀನು ಆಗ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ, ಏನೂ ನೋಡಲಿಲ್ಲ ಎಂದೆ. ಇರಲಿ.

ಈಗ ವಿಶ್ವಾರಾಧ್ಯ ಆ ದಿನದ ರೆಕಾರ್ಡಿಂಗನ್ನು ಅಳಿಸಿದ್ದಾನೆ. ನಾನು ಏಣಿಯಿಂದ ಬಿದ್ದೆನೆಂದು ಠಾಣೆಯಲ್ಲಿ ಹೇಳಿದ್ದಾನೆ, ಅಣ್ಣನೂ ಹೌದೆಂದಿದ್ದಾನೆ. ಹಿರಿಯರು ರಾಜಿ ಮಾಡಿಸಿ ನನ್ನನ್ನು ಮತ್ತೆ ಅಲ್ಲಿಗೇ ಕಳಿಸಲು ಹೊರಟಿದ್ದಾರೆ. ಮಸೂದ ಸಾಕ್ಷಿ ಹೇಳಲು ತಯಾರಿದ್ದಾನೆ, ಆದರೆ ಅವನ ಹೆಸರಿಗೇ ನನ್ನನ್ನು ಗಂಟು ಹಾಕಿ ಕಥೆ ಕಟ್ಟಿದ್ದಾರೆ. ೧೭ನೇ ತಾರೀಖಿನ ಸೋಮವಾರ ನೀನು ಅಫಜಲಪುರ ಠಾಣೆಗೆ ಬಾ. ಬಾಗಿಲು ತೆರೆದು ನಾನು ಹೊರಗೆ ಬಂದಾಗ ನನ್ನ ಕೈ ಹೇಗೆ ಜೋತಾಡುತ್ತಿತ್ತು, ಅಷ್ಟನ್ನಾದರೂ ಹೇಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಬೇಡ. ಆ ಕೋಣೆಗೆ ಮತ್ತೆ ಹೋದರೆ ನಾನು ಜೀವಂತ ಹೊರಗೆ ಬರುವುದಿಲ್ಲ. ನನಗೆ ಸಾಯಲು ಮನಸ್ಸಿಲ್ಲ ಅವ್ವ.

ನಿನ್ನ ಮಗಳು,
ಶಿವಕಾಂತಾ

ತಾ.ಕ.: ಹಿತ್ತಲಿನ ಮಾತು ಇರಲಿ ಎಂದು ಮೇಲೆ ಬರೆದೆ. ಇರಲಿ ಎನ್ನಲು ಆಗುತ್ತಿಲ್ಲ. ರಿಮೋಟು ಒತ್ತಿದವಳು ನೀನು. ಮಸೂದ ಹೇಳಲು ಒಪ್ಪಿರಲಿಲ್ಲ, ನಾನೇ ಬಿಡದೆ ಕೇಳಿದೆ. ಉಳಿದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ತಟ್ಟೆ ನೋಡುತ್ತಿದ್ದರಂತೆ, ನೀನೊಬ್ಬಳೇ ನನ್ನನ್ನು ನೋಡುತ್ತಿದ್ದೆಯಂತೆ, ಕೈ ಮುರಿಯುವ ತನಕ. ಅಷ್ಟು ಮಂದಿಯಲ್ಲಿ ಪೂರ್ತಿ ಕಂಡವಳು ನೀನೊಬ್ಬಳೇ. ಸೋಮವಾರ ಬಾ.