ಕೈಮಾತು ನಿಂತ ವಾರ

ನ್ಯೂ ಟೌನ್, ಭದ್ರಾವತಿ
ಬುಧವಾರ, ೧೨ ಫೆಬ್ರವರಿ ೨೦೨೫

ಪ್ರೀತಿಯ ಅಪ್ಪಾಜಿ,

ಬಿಪಿ ಈಗ ಹೇಗಿದೆ? ಉಪ್ಪಿಲ್ಲದ ಊಟ ಮಾಡುತ್ತಿದ್ದೀರೋ, ಅಡುಗೆಯವರ ಮೇಲೆ ರೇಗುತ್ತಿದ್ದೀರೋ? ಪ್ರಕೃತಿ ಚಿಕಿತ್ಸೆಯವರು ನಿಮ್ಮ ಮೊಬೈಲ್ ತೆಗೆದಿಟ್ಟುಕೊಂಡಿದ್ದು ಒಳ್ಳೆಯದೇ ಆಯಿತು ಎಂದು ಅಮ್ಮ ದಿನಾ ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಅಂಗಡಿಯಲ್ಲಿ ಕೂತರೆ ಮನೆಗೆ ಹೋಗಬೇಕೆನಿಸುತ್ತದೆ, ಮನೆಗೆ ಬಂದರೆ ಮನಸ್ಸೆಲ್ಲ ಅಂಗಡಿಯಲ್ಲಿ. ಈ ಪತ್ರವನ್ನೂ ಎರಡು ಸಾಲು ಬರೆಯುವುದು, ಎದ್ದು ಓಡಾಡುವುದು, ಮತ್ತೆ ಕೂರುವುದು ನಡೆದಿದೆ.

ನೀವು ಚಿಕಿತ್ಸೆಗೆ ಹೋದ ಮೇಲೆ ನಾವು ಮನೆಮನೆಗೆ ಕೊಡುವ ಇಂಟರ್ನೆಟ್ ಸಂಜೆ ಹೊತ್ತು ಇನ್ನೂ ನಿಧಾನವಾಯಿತು. ನಾವು ಕೊಂಡು ಹಂಚುವ ಲೈನು ಇದ್ದಷ್ಟೇ ಇದೆ, ವಿಡಿಯೋ ನೋಡುವವರು ಹೆಚ್ಚಾಗಿದ್ದಾರೆ. ಜನ ಒಬ್ಬೊಬ್ಬರೇ ದೊಡ್ಡ ಕಂಪನಿಗಳ ಕಡೆ ಹೋಗತೊಡಗಿದರು. ಅದೇ ಹೊತ್ತಿಗೆ ಶಿವಮೊಗ್ಗದಿಂದ ಸುದರ್ಶನ ಎಂಬವರು ಬಂದರು, ಸಿನಿಮಾ ತೋರಿಸುವ ಒಂದು ಆ್ಯಪ್‌ನವರು. ಅವರ ಆ್ಯಪ್ ಸರಾಗವಾಗಿ ಓಡುವಂತೆ ಮಾಡಿ, ಬೇರೆ ವಿಡಿಯೋಗಳನ್ನು ಸಂಜೆ ಸ್ವಲ್ಪ ಹಿಡಿದಿಟ್ಟರೆ, ದೊಡ್ಡ ಲೈನನ್ನು ತಮ್ಮ ಖರ್ಚಿನಲ್ಲೇ ಹಾಕಿಸಿಕೊಡುತ್ತಾರಂತೆ. ಯಾವುದನ್ನೂ ತಡೆಯಬಾರದು, ಯಾವುದನ್ನೂ ಮುಂದೆ ಬಿಡಬಾರದು, ಎಲ್ಲವನ್ನೂ ಒಂದೇ ಸಮ ಕಳಿಸಬೇಕು ಎಂದು ಲೈಸೆನ್ಸಿನಲ್ಲೇ ಇದೆಯಲ್ಲ ಎಂದೆ. "ನಿಮ್ಮಂಥ ಸಣ್ಣೋರನ್ನ ಯಾರ್ ಬಂದು ನೋಡ್ತಾರೆ ಮೇಡಂ? ಒಂದು ವಾರ ಟ್ರಯಲ್ ಮಾಡಿ, ಆಮೇಲೆ ಸೈನ್ ಹಾಕಿ" ಎಂದರು. ಕಂಬ ಹತ್ತಿ ವೈರು ಎಳೆಯುವ ನಮ್ಮ ಶಿವರಾಜ್ ಕೂಡ, "ಅಕ್ಕ, ರೂಲ್ಸ್ ನೋಡ್ತಾ ಕೂತ್ರೆ ಬಾಗಿಲು ಹಾಕ್ಬೇಕಾಗುತ್ತೆ" ಎಂದ. ಅವನ ಮಾತೂ ಸುಳ್ಳಲ್ಲ. ದೊಡ್ಡವರು ನಿಯಮ ಪಾಲಿಸಿಯೂ ಉಳಿಯುತ್ತಾರೆ, ಇನ್ನೊಂದು ಲೈನು ಕೊಂಡರಾಯಿತು. ನಾವು ಎಲ್ಲಿಂದ ಕೊಳ್ಳುವುದು? ಟ್ರಯಲ್‌ಗೆ ಒಪ್ಪಿಕೊಂಡೆ.

ಸಿನಿಮಾ ಚೆನ್ನಾಗಿ ಓಡಿತು, ಬೈಗುಳದ ಫೋನುಗಳು ಕಡಿಮೆಯಾದವು. ವಾರ ಮುಗಿಯುವುದರೊಳಗೆ ಒಂದು ಸಂಜೆ ಪುಷ್ಪಾ ಅಂಗಡಿಗೆ ಬಂದರು. ಬ್ಲೌಸ್ ಹೊಲಿಯುವ ಪುಷ್ಪಾ, ನಿಮಗೆ ಗೊತ್ತಲ್ಲ, ಕಿವಿ ಕೇಳಿಸದು, ಮಾತು ಬಾರದು. ಅವರ ತಂಗಿಯೂ ಹಾಗೆಯೇ. ಕುಂಸಿಗೆ ಕೊಟ್ಟ ಆ ತಂಗಿ ಈಗ ತುಂಬಿದ ಬಸುರಿ. ಸಂಜೆಯಾದರೆ ಅಕ್ಕತಂಗಿಯರು ವಿಡಿಯೋ ಕಾಲ್‌ನಲ್ಲಿ ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಾರೆ. ಪುಷ್ಪಾ ನನ್ನ ಮುಂದೆ ನಿಂತು ಎರಡೂ ಕೈ ಎತ್ತಿ, ಗಾಳಿಯಲ್ಲೇ ನಿಲ್ಲಿಸಿಬಿಟ್ಟರು. ಇಳಿಸಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. ತಂಗಿಯ ಕೈಗಳು ಪರದೆಯ ಮೇಲೆ ಹಾಗೆ ಹೆಪ್ಪುಗಟ್ಟಿ ನಿಲ್ಲುತ್ತಿವೆ ಎಂದು ನನಗೆ ತಡವಾಗಿ ಹೊಳೆಯಿತು. ಆಮೇಲೆ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು: ನಿನ್ನೆ ಹೊಟ್ಟೆ ಮುಟ್ಟಿಕೊಂಡು ಏನೋ ಹೇಳಿದಳು, ನೋವೋ ಏನೋ ತಿಳಿಯಲಿಲ್ಲ, ಈಗ ಮೆಸೇಜಿಗೂ ಉತ್ತರ ಇಲ್ಲ.

ಶಿವರಾಜ್ ನಾನು ಹೇಳುವ ಮೊದಲೇ ಕಂಪ್ಯೂಟರ್ ಮುಂದೆ ಕೂತು, ಬೇರೆ ವಿಡಿಯೋಗಳಿಗೆ ಹಾಕಿದ್ದ ತಡೆಯನ್ನು ತೆಗೆದ. ಅಂಗಡಿಯಿಂದಲೇ ಪುಷ್ಪಾ ಕರೆ ಮಾಡಿದರು. ಕರೆ ಸಿಗುವವರೆಗೆ ನಾನು ಕೂತಲ್ಲಿ ಕೂರಲಿಲ್ಲ. ತಂಗಿ ಪರದೆಯ ಮೇಲೆ ಬಂದಳು, ಕೈಗಳು ಓಡಿದವು. ಮಗು ಜೋರಾಗಿ ಒದೆಯುತ್ತಿದೆಯಂತೆ, ಅಷ್ಟೇ. ಪುಷ್ಪಾ ನಕ್ಕರು; ನನಗೆ ನಗು ಬರಲಿಲ್ಲ.

ಸುದರ್ಶನರಿಗೆ ಆಗುವುದಿಲ್ಲ ಎಂದೆ. "ಬಿಡಿ, ಪಕ್ಕದ ಏರಿಯಾದೋರು ಕಾಯ್ತಿದಾರೆ" ಎಂದು ಹೊರಟರು. ಅಂದಿನಿಂದ ಸಂಜೆ ಎಲ್ಲರ ಮನೆಯಲ್ಲೂ ಒಂದೇ ಸಮ ನಿಧಾನ. ಇದನ್ನು ಬರೆಯುವಾಗಲೂ ಫೋನು ಬಡಿದುಕೊಳ್ಳುತ್ತಿದೆ.

ವಾಕಿಂಗ್ ತಪ್ಪಿಸಬೇಡಿ ಎಂದು ಅಮ್ಮ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಾಳೆ. ನಿಮಗೆ ನನ್ನ ಶರಣು.

ನಿಮ್ಮ ಮಗಳು,
ಉಮಾಮಹೇಶ್ವರಿ

ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು: ಶಿವಮೊಗ್ಗ, ಭದ್ರಾವತಿಯ ನಮ್ಮಂಥ ಸಣ್ಣವರು ಕೆಲವರು ಒಂದೇ ಕಂಪನಿಯಾಗಿ ಸೇರಿ ದೊಡ್ಡ ಲೈನು ಕೊಳ್ಳುತ್ತಿದ್ದಾರೆ. ನಿಯಮ ಮುರಿಯದೆ ಉಳಿಯಲು ನನಗೆ ಕಂಡ ದಾರಿ ಇದೊಂದೇ. ಸೇರುತ್ತೇನೆ ಎಂದುಬಿಟ್ಟಿದ್ದೇನೆ. ಆದರೆ ಎಲ್ಲರಿಗೂ ಒಂದೇ ಹೆಸರು, ಹಾಗಾಗಿ 'ಷಡಕ್ಷರಪ್ಪ ಕೇಬಲ್' ಬೋರ್ಡು ಇಳಿಸಬೇಕು. ನಿಮ್ಮ ಹೆಸರು ಇಳಿಸುವ ಸುದ್ದಿಯನ್ನು ಕಾಗದದಲ್ಲಿ ಹೇಳಿ ಮುಗಿಸಲು ಮನಸ್ಸು ಒಪ್ಪುತ್ತಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಬೇಡ ಅನ್ನುವುದಾದರೆ ನನ್ನ ಮುಖ ನೋಡಿಯೇ ಅನ್ನಿ.