ಕೇಳದೆ ಕೊಟ್ಟ ಮನೆ

ಜನವರಿ 11, ಬುಧವಾರ

ಆಸ್ಪತ್ರೆಯ ಗಂಡಸರ ವಾರ್ಡು ಮುಗಿಸಿ ಹೊರಬಂದಾಗ ಹತ್ತೂವರೆ. ಏಳನೇ ಹಾಸಿಗೆಯ ಮುದುಕರು ಇವತ್ತೂ ಪ್ರಾರ್ಥನೆ ಬೇಡ ಎಂದರು, ಪೇಪರು ಓದಿ ಹೇಳು ಎಂದರು. ಓದಿದೆ. ಕ್ರೀಡೆಯ ಪುಟ ಮಾತ್ರ. ಆಮೇಲೆ ಪೋಸ್ಟ್ ಆಫೀಸು — ಮಿಷನ್ ಕಚೇರಿಗೆ ತಿಂಗಳ ವರದಿ ಕಳಿಸಬೇಕಿತ್ತು. ಎರಡನೇ ಕೌಂಟರಿನ ಹುಡುಗಿ ಕವರನ್ನು ತಿರುವಿ ಮುರುವಿ ನೋಡಿದಳು.

“ಪಿನ್‌ಕೋಡ್ ಎಲ್ಲಿ?”

“ತಲುಪುತ್ತೆ ಬಿಡಿ. ಯಾವಾಗಲೂ ತಲುಪುತ್ತೆ.”

“ದೇವರಿಗೆ ಬರೆಯೋದಾದ್ರೆ ಪಿನ್‌ಕೋಡ್ ಬೇಡ. ನಮ್ಮ ಕೈಲಿ ಕಳಿಸೋದಾದ್ರೆ ಬೇಕು.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ. ಈ ಊರಿಗೆ ಸೇವೆಗೆ ಬಂದು ಎರಡು ವರ್ಷ. ದಿನಕ್ಕೆ ಐವತ್ತು ಜನರ ಜೊತೆ ಮಾತು. ಒಬ್ಬರೂ ನನ್ನ ಜೊತೆ ಹೀಗೆ...

ಜನವರಿ 27

ಈ ತಿಂಗಳು ಪೋಸ್ಟ್ ಆಫೀಸಿಗೆ ಐದು ಸಲ. ಕೆಲಸವಿದ್ದದ್ದು ಒಂದು ಸಲ. ಅವಳಿಗೂ ಗೊತ್ತಾಗಿದೆ.

“ಇವತ್ತೂ ಒಂದೇ ಸ್ಟಾಂಪಾ? ಪೂರ್ತಿ ಹಾಳೆ ತಗೊಂಡು ಹೋಗಿ” ಎಂದಳು. ಸ್ವಲ್ಪ ತಡೆದು, ಮೆಲ್ಲಗೆ, “ಬೇಡ. ಒಂದೊಂದೇ ತಗೊಳ್ಳಿ.”

ಪ್ರತಿ ಭಾನುವಾರ ನಮ್ಮ ಚರ್ಚಿಗೇ ಬರುತ್ತಾಳಂತೆ. ಕೊನೆಯ ಸಾಲು, ತಾಯಿಯ ಪಕ್ಕ. ಎರಡು ವರ್ಷ ನನ್ನ ಕಣ್ಣಿಗೇ ಬಿದ್ದಿಲ್ಲ! “ಅಳ್ತಾ ಕೂತವರು ಮಾತ್ರ ನಿಮಗೆ ಕಾಣೋದು” ಎಂದಳು. ತಮಾಷೆಗೇ ಅಂದದ್ದು.

ಫೆಬ್ರವರಿ 19, ಭಾನುವಾರ

ಮದುವೆಯ ಮಾತು ಕೇಳಿಯೇ ಬಿಟ್ಟೆ. ಆರಾಧನೆ ಮುಗಿದ ಮೇಲೆ, ಕಾಲುವೆಯ ದಾರಿಯಲ್ಲಿ. ಪ್ರಸಂಗ ಮಾಡುವವನಿಗೆ ಎರಡು ವಾಕ್ಯ ಜೋಡಿಸಲು ಬರಲಿಲ್ಲ.

ತಕ್ಷಣ ಹೂಂ ಅನ್ನಲಿಲ್ಲ ಅವಳು. ಒಂದು ವಿಷಯ ಮೊದಲು ಕೇಳಿಸಿಕೊಳ್ಳಿ ಎಂದಳು. ಅಪ್ಪ ಹೋದಾಗಿನಿಂದ ಅಣ್ಣನ ಮನೆ. ಅಣ್ಣ ಅತ್ತಿಗೆಗೆ ಒಂದು ಕೋಣೆ, ಅಮ್ಮ ಮತ್ತು ಮಕ್ಕಳಿಗೆ ಇನ್ನೊಂದು. ಇವಳಿಗೆ ನಡುವಿನ ಹಾಲ್. ಟಿವಿ ಆರಿದ ಮೇಲೆ ಹಾಸಿಗೆ ಬಿಚ್ಚಬೇಕು, ಮಿಕ್ಕವರು ಏಳುವ ಮೊದಲು ಸುತ್ತಬೇಕು. ಹದಿನಾರು ವರ್ಷದಿಂದ ಹೀಗೇ.

“ಯಾರೂ ಕೆಟ್ಟವರಲ್ಲ. ಜಾಗ ಇಲ್ಲ, ಅಷ್ಟೇ. ಆದ್ರೆ ನಂಗೆ ಅಳು ಬಂದ್ರೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸ್ಬೇಕು. ದೊಡ್ಡ ಮನೆ ಬೇಡ ನಂಗೆ. ಒಳಗಿಂದ ಚಿಲಕ ಹಾಕ್ಕೊಳ್ಳೋ ಒಂದು ಕೋಣೆ ಸಾಕು. ದಿನಕ್ಕೆ ಒಂದು ಗಂಟೆ ಯಾರೂ ಬಾಗಿಲು ತಟ್ಟಬಾರದು. ಆಗುತ್ತಾ?”

ಆಗುತ್ತೆ ಎಂದೆ. ನಲವತ್ತು ಹಾಸಿಗೆಯ ಮಿಷನ್ ಹಾಸ್ಟೆಲಿನಲ್ಲಿ ಬೆಳೆದವನು ನಾನು. ತಂದೆತಾಯಿ ಯಾರೆಂದು ಗೊತ್ತಿಲ್ಲ. ಚಿಲಕದ ಆಸೆ ನನಗೆ ಅರ್ಥವಾಗಲಿಲ್ಲ. ಆದರೂ ಎಷ್ಟು ಸಣ್ಣದನ್ನು ಕೇಳಿದಳು ಅನ್ನಿಸಿತು.

“ಹಾಗಾದ್ರೆ ಹೂಂ” ಎಂದಳು.

ಮಾರ್ಚ್ 5

ಅವಳ ಅಣ್ಣನ ಮುಂದೆ ಕೂತು ಬಂದೆ. ಔಷಧಿ ಅಂಗಡಿಯಲ್ಲಿ ಕೆಲಸ, ಅಳೆದು ತೂಗಿ ಮಾತಾಡುವ ಮನುಷ್ಯ.

“ನಿಮ್ಮ ಬಗ್ಗೆ ವಿಚಾರಿಸ್ದೆ. ಎಲ್ಲರೂ ದೇವರಂಥ ಮನುಷ್ಯ ಅಂದ್ರು. ಅದೇ ನಂಗೆ ಭಯ.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಒಳಬಾಗಿಲಲ್ಲಿ ಅವಳು ತುಟಿ ಕಚ್ಚಿ ನಿಂತಿದ್ದಳು. ಕೊನೆಗೆ ಒಪ್ಪಿದರು.

ಏಪ್ರಿಲ್ 16

ನಿಶ್ಚಿತಾರ್ಥ. ಅಯ್ಯನವರೇ ಪ್ರಾರ್ಥಿಸಿದರು — ಹಿರಿಯ ಪಾಸ್ಟರು, ನನಗೆ ತಂದೆಯಿದ್ದಂತೆ. ಉಂಗುರ ತೊಡಿಸುವಾಗ ಕೈಜಾರಿ ಕೆಳಗೆ ಬಿತ್ತು, ಬೆಂಚಿನಡಿ ಉರುಳಿತು. ಅವಳೇ ಬಗ್ಗಿ ಹುಡುಕಿ ತೆಗೆದು ಕೊಟ್ಟಳು. “ಇನ್ನೊಂದು ಸಲ ಪ್ರಯತ್ನ ಮಾಡಿ” ಎಂದಳು. ಮದುವೆ ಜುಲೈ 15ಕ್ಕೆ.

ಇವತ್ತಿನಿಂದ ‘ನೀನು’ ಅನ್ನಬೇಕಂತೆ ನಾನು.

ಏಪ್ರಿಲ್ 24

ಮದುವೆಯಾದ ಮೇಲೆ ನಮಗಿರಲು ಚರ್ಚಿನ ಹಿಂದಿನ ಹಳೆಯ ಮನೆಯ ಬೀಗದ ಕೈ ಸಿಕ್ಕಿತು. ಹನ್ನೊಂದು ವರ್ಷದಿಂದ ಯಾರೂ ಇಲ್ಲ. ಹಾಲ್, ಅಡುಗೆಮನೆ, ಎರಡು ಕೋಣೆ. ಗಿಲಾವು ಉದುರಿದೆ. ಅಟ್ಟದಲ್ಲಿ ಪಾರಿವಾಳ. ಮೇಸ್ತ್ರಿ ಗೋಡೆಗೆ ಒಂದು ಗುದ್ದು ಗುದ್ದಿ ನನ್ನ ಮುಖ ನೋಡಿದರು.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡನ್ನೂ ಒಟ್ಟಿಗೆ ನೋಡ್ತೀನಿ ಅಂತಿರೋರು ನೀವೇ ಮೊದಲು.”

ಅವಳು ಮಾತ್ರ ನೇರ ಹಿಂದಿನ ಕೋಣೆಗೆ ಹೋದಳು. ಪೂರ್ವದ ಕಿಟಕಿ, ಚಿಕ್ಕದು. ನಡುವೆ ನಿಂತು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದಳು. ಬೆರಳು ಎಲ್ಲಿಯೂ ತಗುಲಲಿಲ್ಲ.

ಮೇ 14

ಆಫೀಸು ಮುಗಿದ ಮೇಲೆ ಪ್ರತಿ ಸಂಜೆ ಅವಳು ಬಂದು ಗೋಡೆ ಕೆರೆಯುತ್ತಾಳೆ. ತಲೆಗೆ ಬಟ್ಟೆ, ಕೈಯಲ್ಲಿ ಸ್ಯಾಂಡ್‌ಪೇಪರು. ರೆಪ್ಪೆಯ ಮೇಲೆಲ್ಲ ಸುಣ್ಣದ ಪುಡಿ. “ನಮ್ಮ ಹುಡುಗರಿಗಿಂತ ವಾಸಿ” ಎನ್ನುತ್ತಾರೆ ಮೇಸ್ತ್ರಿ. ಹಿಂದಿನ ಕೋಣೆಗೆ ಯಾರೂ ಕೈ ಹಾಕಕೂಡದು. ಅದು ಅವಳೊಬ್ಬಳದೇ ಕೆಲಸ. ತಿಳಿ ಹಳದಿ ಬಣ್ಣ. ಚಿಲಕವನ್ನೂ ತಾನೇ ಆರಿಸಿ ತಂದಳು. ಹಿತ್ತಾಳೆಯದು.

ಕೆಲಸ ಮಾಡುತ್ತ ಏನೇನೋ ಮಾತು. ಇಷ್ಟು ಸುಖ ನನಗೆ ಅಭ್ಯಾಸವಿಲ್ಲ.

ಮೇ 30

ಸಣ್ಣ ಜಗಳ. ಅವಳ ಅಮ್ಮ ನಮಗೆಂದು ಕೊಟ್ಟಿದ್ದ ಉಣ್ಣೆಯ ಹೊದಿಕೆ — ಏಳನೇ ಹಾಸಿಗೆಯ ಮುದುಕರಿಗೆ ಕೊಟ್ಟುಬಿಟ್ಟಿದ್ದೆ. ಡಿಸ್ಚಾರ್ಜ್ ಮಾಡಿದ್ದರು. ಮೈಮೇಲೆ ತೆಳು ಶರಟು ಬಿಟ್ಟರೆ ಏನೂ ಇರಲಿಲ್ಲ.

“ಕೊಡಿ. ಬೇಡ ಅನ್ನಲ್ಲ. ಅಮ್ಮ ಕಣ್ಣು ಕಾಣದೆ ಆರು ತಿಂಗಳು ಹೆಣೆದಿದ್ದು ಅದು. ಕೊಡೋ ಮೊದಲು ನಂಗೊಂದು ಮಾತು ಹೇಳಿ. ಅಷ್ಟೇ.”

“ತಪ್ಪಾಯ್ತು. ಇನ್ನು ಮೇಲೆ ಹೇಳ್ತೀನಿ.”

“ಹೇಳೋದಲ್ಲ. ಕೇಳೋದು.”

ಮಾತು ಕೊಟ್ಟೆ.

ಜೂನ್ 17

ಮನೆ ಮುಗಿಯಿತು! ಮೇಸ್ತ್ರಿ ಕೈ ತೊಳೆದುಕೊಂಡರು. ಹಿಂದಿನ ಕೋಣೆಯ ಒಳಗೆ ಹೋಗಿ ಅವಳು ಚಿಲಕ ಹಾಕಿಕೊಂಡಳು. ಹತ್ತು ನಿಮಿಷ. ಹೊರಗೆ ನಾವಿಬ್ಬರೂ ಪೆದ್ದರಂತೆ ನಿಂತಿದ್ದೆವು. ಬಾಗಿಲು ತೆರೆದಾಗ ಅವಳ ಕಣ್ಣು ಒದ್ದೆ. ಮುಖ ಮಾತ್ರ ನಗುತ್ತಿತ್ತು. “ನಲ್ಲಿ ತಿರುಗಿಸಬೇಕಾಗಿಲ್ಲ” ಎಂದಳು.

ಜೂನ್ 21, ಬುಧವಾರ

ಚರಂಡಿಗೆ ಅಗೆದವರು ಆಳಕ್ಕೆ ಅಗೆದರು. ನಮ್ಮ ಬೀದಿಯ ಇಸ್ತ್ರಿಯವನ ಮನೆಯ ಗೋಡೆ ಕುಸಿದು ಸೂರು ಕೂತಿತು. ಜೀವ ಉಳಿಯಿತು, ಬೇರೇನೂ ಉಳಿಯಲಿಲ್ಲ. ಅವನು, ಹೆಂಡತಿ, ಇಪ್ಪತ್ತೆರಡು ದಿನದ ಕೂಸು, ಲಕ್ವ ಹೊಡೆದು ಮಲಗಿದ ತಾಯಿ. ಮುದುಕಿಯನ್ನು ಕುರ್ಚಿ ಸಮೇತ ಬೀದಿಯಲ್ಲಿ ಕೂರಿಸಿದ್ದರು. ಜನ ಸುತ್ತ ನಿಂತು ನೋಡುತ್ತಿದ್ದರು.

ಅಯ್ಯನವರು ಚರ್ಚಿನ ಹಾಲಿನಲ್ಲಿರಲಿ ಎಂದರು. ಕಲ್ಲಿನ ನೆಲ, ಹಸಿ ಬಾಣಂತಿ. “ನನ್ನ ಮನೆ ಸಿದ್ಧವಾಗಿದೆಯಲ್ಲ” ಎಂದುಬಿಟ್ಟೆ. ನನ್ನ ಮನೆ. ಜನ ನನ್ನ ಕಡೆ ತಿರುಗಿದರು. ಅಯ್ಯನವರು ಹೆಗಲ ಮೇಲೆ ಕೈಯಿಟ್ಟರು. ಸುಳ್ಳು ಬರೆಯುವುದಿಲ್ಲ — ಒಳಗೊಳಗೆ ಹಿಗ್ಗಿದೆ.

ಮುದುಕಿಗೆ ಬಿಸಿಲು ಬೀಳುವ ಕೋಣೆ ಬೇಕೆಂದರು ನರ್ಸು. ಹಿಂದಿನದೇ ಆಗಬೇಕಾಯಿತು.

ಅವಳಿಗೆ ಫೋನ್ ಮಾಡಬೇಕಿತ್ತು. ಡ್ಯೂಟಿಯಲ್ಲಿರುತ್ತಾಳೆ, ಸಂಜೆ ಎಂದುಕೊಂಡೆ. ಸಂಜೆಗೆ ಸುಸ್ತು.

ಜೂನ್ 22

ಅವಳೇ ಫೋನ್ ಮಾಡಿದಳು. ಪರದೆ ಬಟ್ಟೆಯ ಬಗ್ಗೆ. ಹೇಳಲಿಲ್ಲ. ನಾಲ್ಕು ದಿನದ ಮಾತು, ಅಷ್ಟರೊಳಗೆ ಅವರಿಗೆ ಎಲ್ಲಾದರೂ ಸಿಗುತ್ತದೆ...

ಜೂನ್ 24, ಶನಿವಾರ

ಅವಳು ಬಂದಿದ್ದಳು. ಮಧ್ಯಾಹ್ನ, ಅರ್ಧ ದಿನ ಮುಗಿಸಿಕೊಂಡು, ಕಿಟಕಿಯ ಅಳತೆಗೆ. ನಾನು ಆಸ್ಪತ್ರೆಯಲ್ಲಿದ್ದೆ. ಇಸ್ತ್ರಿಯವನ ಹೆಂಡತಿ ಹೇಳಿದ್ದು — ಬೀಗದ ಕೈ ಹಿಡಿದುಕೊಂಡು ಬಂದಳಂತೆ, ಬಾಗಿಲು ತೆರೆದೇ ಇತ್ತಂತೆ. ಹಿಂದಿನ ಕೋಣೆಯ ಬಾಗಿಲು ತಳ್ಳಿದಾಗ ಇವಳು ಅತ್ತೆಯ ಮೈ ಒರೆಸುತ್ತಿದ್ದಳು. ಹಳದಿ ಗೋಡೆಗೆ ಮೊಳೆ ಹೊಡೆದು ಹಗ್ಗ ಕಟ್ಟಿ ಕೂಸಿನ ಬಟ್ಟೆ ಒಣಹಾಕಿತ್ತು.

“ಅಕ್ಕ ಏನೂ ಕೇಳ್ಲಿಲ್ಲ ಸಾರ್. ‘ತಪ್ಪಾಯ್ತು, ತಟ್ಟಿ ಬರಬೇಕಿತ್ತು’ ಅಂದ್ರು. ಬಾಗಿಲು ಎಳ್ಕೊಂಡು ಹೋದ್ರು.”

ಆರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಜೂನ್ 27

ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಒಂದು ಸ್ಟಾಂಪು ಕೊಟ್ಟಳು. “ಮುಂದಿನವರು ಬನ್ನಿ” ಎಂದಳು.

ಜುಲೈ 1, ಶನಿವಾರ

ಕಾಲುವೆಯ ದಾರಿ. ಅವಳೇ ಕರೆಸಿದಳು. ನಾನು ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡಿದ್ದೆ. ಬಾಣಂತಿ, ಮುದುಕಿ, ಕಲ್ಲಿನ ನೆಲ. ಒಂದೂ ಬಿಡದೆ ಹೇಳಿದೆ. ಕೇಳಿಸಿಕೊಂಡಳು.

“ಅವರು ಬಂದಿದ್ದಕ್ಕೆ ನಂಗೆ ಬೇಜಾರಿಲ್ಲ. ಮೂರು ದಿನ ನನ್ನ ಹತ್ತಿರ ಬಚ್ಚಿಟ್ಟಿರಲ್ಲ. ಯಾಕೆ?”

“ನೀನು ಬೇಡ ಅಂತೀಯೇನೋ ಅಂತ...”

“ಅಂದ್ರೆ ನಾನು ಅಂಥವಳು ಅಂತ ನೀವೇ ತೀರ್ಮಾನ ಮಾಡಿದ್ರಿ.”

ನಾಳೆಯೇ ಅವರನ್ನು ಚರ್ಚಿನ ಹಾಲಿಗೆ ಕಳಿಸುತ್ತೇನೆ ಎಂದೆ. ಅವಳು ತಲೆಯಲ್ಲಾಡಿಸಿದಳು.

“ಈಗ ಕಳಿಸಿದ್ರೆ ನಾನು ಕೆಟ್ಟವಳಾಗ್ತೀನಿ. ಕಳಿಸದಿದ್ರೂ ನೀವು ಒಳ್ಳೆಯವರಾಗೇ ಇರ್ತೀರಿ. ಎರಡು ಲೆಕ್ಕದಲ್ಲೂ ನಂಗೆ ಜಾಗ ಇಲ್ಲ. ಅಣ್ಣನ ಮನೇಲಿ ಹೇಗೋ ಮಲಗೋಕೆ ಹಾಲ್ ಆದ್ರೂ ಇದೆ.”

ಅಳಲಿಲ್ಲ. ಉಂಗುರ ತೆಗೆಯಲು ಬೆರಳಿಗೆ ಸೋಪು ಹಚ್ಚಿಕೊಂಡೇ ಬಂದಿದ್ದಳೋ ಏನೋ — ಸುಲಭವಾಗಿ ಜಾರಿತು. ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವಳ ಕೈ ಬೆಚ್ಚಗಿತ್ತು.

ಜುಲೈ 3

ಅಣ್ಣ ಬಂದಿದ್ದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. “ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಮ್ಮಪ್ಪನಿಗೆ ಅಂತಿದ್ರು. ಅವಳು ಅಂಥವರ ಮಗಳಾಗಿ ಬೆಳೆದಿದಾಳೆ. ಹೆಂಡತಿಯಾಗೋದು ಬೇಡ ಬಿಡಿ” ಎಂದರು. ಹೋಗುವಾಗ ನನ್ನ ಭುಜ ತಟ್ಟಿದರು. ಬೈದಿದ್ದರೆ ವಾಸಿಯಿತ್ತು.

ಜುಲೈ 5

ಅಯ್ಯನವರ ಮನೆ. ಇದು ಶೋಧನೆ, ದೇವರ ಪರೀಕ್ಷೆ, ಸಹಿಸಿಕೋ, ತ್ಯಾಗ ವ್ಯರ್ಥವಾಗದು ಎಂದರು. ಅಮ್ಮನವರು — ಅಯ್ಯನವರ ಹೆಂಡತಿ — ಚಹಾದ ಲೋಟ ಮೇಜಿನ ಮೇಲೆ ಕುಕ್ಕಿದರು. ನಾನು ಅವರ ದನಿ ಅಷ್ಟು ಗಟ್ಟಿಯಾಗಿ ಎಂದೂ ಕೇಳಿಲ್ಲ.

“ಯಾರ ತ್ಯಾಗ? ಅವನು ಕೊಟ್ಟಿದ್ದು ಅವಳದನ್ನ. ನಲವತ್ತು ವರ್ಷ ಈ ಮನೆಗೆ ಬಂದವರಿಗೆಲ್ಲ ಹಾಸಿಗೆ ಹಾಸಿದೀನಿ. ಮಗನಿಗೆ ಜ್ವರ ಇದ್ದಾಗಲೂ ಹಾಸಿದೀನಿ. ಹಾಸಲಾ ಅಂತ ಒಂದು ದಿನ ಕೇಳಿದೀರಾ ನನ್ನ? ಆ ಹುಡುಗಿ ನನಗಿಂತ ಜಾಣೆ.”

ನಾನು ಎದ್ದು ಬಂದೆ.

ಜುಲೈ 9

ಇಸ್ತ್ರಿಯವನಿಗೆ ಯಾರೋ ಹೇಳಿದ್ದಾರೆ. ಗಂಟುಮೂಟೆ ಕಟ್ಟುತ್ತಿದ್ದ. “ನಮ್ಮ ಕಾಲ್ಗುಣ ಸಾರ್. ನಿಮ್ಮ ಮದುವೆ ಮುರೀತು” ಎಂದು ಅತ್ತ. ನಿಮ್ಮಿಂದಲ್ಲ, ನನ್ನಿಂದ ಎಂದೆ. ಗಂಟು ನಾನೇ ಬಿಚ್ಚಿಸಿದೆ. ಮುದುಕಿಗೆ ಉಸಿರು ಕಷ್ಟವಾಗಿದೆ. ಈ ಸ್ಥಿತಿಯಲ್ಲಿ ಎಲ್ಲಿಗೆ ಹೋಗುತ್ತಾರೆ?

ಜುಲೈ 15

ಇಸ್ತ್ರಿಯವನು ನನ್ನ ಬಿಳಿ ಶರಟು ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದ್ದ. ಅವನಿಗೆ ತಾರೀಖು ನೆನಪಿರಲಿಲ್ಲ, ಪಾಪ. ಮಾಮೂಲಿನಂತೆ ಆಸ್ಪತ್ರೆಗೆ ಹೋದೆ.

ಆಗಸ್ಟ್ 13, ಭಾನುವಾರ

ಮುದುಕಿ ಬೆಳಿಗ್ಗೆ ಒಂಬತ್ತಕ್ಕೆ ತೀರಿಕೊಂಡರು. ಹಿಂದಿನ ಕೋಣೆಯಲ್ಲೇ, ಬಿಸಿಲಿನಲ್ಲಿ. ತಲೆಕೂದಲು ಬಾಚಿ ಅಚ್ಚುಕಟ್ಟಾಗಿ ಜಡೆ ಹೆಣೆದಿತ್ತು. ಚೆನ್ನಾಗಿ ನೋಡಿಕೊಂಡೆ ನೀನು ಎಂದೆ ಇಸ್ತ್ರಿಯವನ ಹೆಂಡತಿಗೆ.

“ನಾನಲ್ಲ ಸಾರ್. ಅಕ್ಕ. ಪ್ರತಿ ಶನಿವಾರ ಮಧ್ಯಾಹ್ನ ಬರ್ತಿದ್ರು, ನೀವು ಆಸ್ಪತ್ರೇಲಿರೋ ಹೊತ್ತಿಗೆ. ಹೇಳಬೇಡ ಅಂದಿದ್ರು. ನಿನ್ನೆಯೇ ಕೊನೆ, ಬೇರೆ ಊರಿಗೆ ವರ್ಗ ಆಯ್ತು ಅಂತ ಹೇಳಿ ಹೋದ್ರು.”

ಶವದ ಪೆಟ್ಟಿಗೆ ಹೊರುವಾಗ ಎಡವಿದೆ. ಜನ ದುಃಖಕ್ಕೆ ಎಂದುಕೊಂಡರು.

ಸೆಪ್ಟೆಂಬರ್ 8

ಇಸ್ತ್ರಿಯವನ ಸಂಸಾರಕ್ಕೆ ಬೇರೆ ಮನೆ ಸಿಕ್ಕಿತು, ಹೋದರು. ಗೋಡೆಯ ಮೊಳೆಗಳನ್ನೆಲ್ಲ ಕಿತ್ತು ತೂತಿಗೆ ಸುಣ್ಣ ಮೆತ್ತಿ ಹೋಗಿದ್ದಾರೆ. ಮನೆಯ ತುಂಬ ನನ್ನ ಚಪ್ಪಲಿಯ ಸದ್ದು.

ಸೆಪ್ಟೆಂಬರ್ 24, ಭಾನುವಾರ, ಸಂಜೆ 4

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿದೆ.

ಅವಳಿಗೆ ವರ್ಗವಾದ ಊರಿಗೆ ಹೋಗಿದ್ದೆ. ಬರಲಾ ಎಂದು ಕಾಗದ ಬರೆದು ಕೇಳಿದ್ದೆ. ಬನ್ನಿ ಎಂದು ಒಂದೇ ಸಾಲು ಬಂದಿತ್ತು. ದರ್ಜಿ ಅಂಗಡಿಯ ಮೇಲಿನ ಬಾಡಿಗೆ ಕೋಣೆ. ಮೆಟ್ಟಿಲ ಮೇಲೇ ಕೂತು ಚಹಾ ಕುಡಿದೆವು. ಒಳಗೆ ಕರೆಯಲಿಲ್ಲ. ಮೈ ಸ್ವಲ್ಪ ತುಂಬಿಕೊಂಡಿದ್ದಾಳೆ. ಕಣ್ಣ ಕೆಳಗಿನ ಕಪ್ಪು ಹೋಗಿದೆ. ಚೆನ್ನಾಗಿ ನಿದ್ದೆ ಬರುತ್ತದಂತೆ.

“ಆ ಬುಧವಾರ ನಾನು ಫೋನ್ ಮಾಡಿ ಕೇಳಿದ್ದರೆ ಏನು ಹೇಳ್ತಿದ್ರಿ?” ಎಂದೆ. ‘ನೀನು’ ಎನ್ನಲು ಬಾಯಿ ಬರಲಿಲ್ಲ.

ತನ್ನ ಲೋಟ ಮೆಟ್ಟಿಲ ಮೇಲಿಟ್ಟಳು.

“ಕರ್ಕೊಂಡು ಬನ್ನಿ ಅಂತಿದ್ದೆ. ಒಂದು ದಿನ ಅತ್ತು, ಆಮೇಲೆ ನಾನೇ ಬಂದು ಹಾಸಿಗೆ ಹಾಸ್ತಿದ್ದೆ.”

“ಇನ್ನೊಂದು ಸಲ...”

“ಬೇಡ. ಸಿಟ್ಟಿಲ್ಲ ನಂಗೆ, ನಿಜವಾಗ್ಲೂ. ಪ್ರೀತಿನೂ ಹೋಗಿಲ್ಲ. ಆದ್ರೆ ನಿಮ್ಮ ಬಾಗಿಲು ಯಾರು ತಟ್ಟಿದ್ರೂ ನನ್ನ ಎದೆ ಧಸಕ್ ಅನ್ನುತ್ತೆ ಇನ್ನು. ಹಾಗೆ ಬದುಕೋಕಾಗಲ್ಲ.”

ಲೋಟ ಇಸಿದುಕೊಂಡಳು. ಹುಷಾರಾಗಿ ಹೋಗಿ ಎಂದಳು. ಮೇಲೆ ಬಾಗಿಲು ಮುಚ್ಚಿದ್ದು ಬೀದಿಯವರೆಗೂ ಕೇಳಿಸಿತು.

ಪಕ್ಕದ ಸೀಟಿನ ಹೆಂಗಸು ಸೇಬು ಹೆಚ್ಚಿ ಒಂದು ಹೋಳು ಕೊಟ್ಟರು. ನಾನು ಅತ್ತದ್ದು ನೋಡಿರಬೇಕು. ಯಾವ ಊರಪ್ಪ ಎಂದರು. ಹೇಳಿದೆ. ಸ್ವಂತ ಮನೆಯಾ ಎಂದರು. ಅಲ್ಲ ಎಂದೆ. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದರು. ಸದ್ಯಕ್ಕೆ ನಾನೊಬ್ಬನೇ ಎಂದೆ.