ಸಹನಾಳ ಸರ್ಟಿಫಿಕೇಟಿಗೆ ಹತ್ತಿದ ಕುಂಕುಮ

ಐರ್ಲೆಂಡಿನಿಂದ, ಮಂಗಳವಾರ

ಎಮ್ಮಿಗನೂರಿನ ಅತ್ತೆಯವರಿಗೆ ಸೊಸೆ ಶೈಲಜಾಳ ಶರಣು. ನಾನೂ ನಿಮ್ಮ ಮೊಮ್ಮಗಳು ಸಹನಾಳೂ ಕ್ಷೇಮವಾಗಿ ಮುಟ್ಟಿದ್ದೇವೆ, ಆದರೆ ಇಲ್ಲೊಂದು ತೊಂದರೆಯಾಗಿದೆ.

ಹೊರಡುವ ದಿನ ನೀವು ಸಹನಾಳ ಡಾಕ್ಟರ್ ಓದಿನ ಸರ್ಟಿಫಿಕೇಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಿರಲ್ಲ, ಅದು ಸರಿಯಾಗಿ ಮೊಹರಿನ ಮೇಲೆಯೇ ಕೂತಿದೆ. ಇಲ್ಲಿನ ಆಸ್ಪತ್ರೆಯ ಆಫೀಸಿನ ಹೆಂಗಸು ನೋಡಿ ರಕ್ತವೇ ಎಂದು ಕೇಳಿದಳು. ಅಲ್ಲ, ಅಜ್ಜಿಯ ಆಶೀರ್ವಾದ ಎಂದು ಸಹನಾ ಹೇಳಿದರೂ, ಮೊಹರು ಕಾಣುವ ಹೊಸದನ್ನು ತರಿಸು ಎಂದುಬಿಟ್ಟಳು. ಅದು ಬರುವ ತನಕ ಆಸ್ಪತ್ರೆಯಲ್ಲಿ ಕೆಲಸವಿಲ್ಲ, ಕೆಲಸದ ಪತ್ರವಿಲ್ಲದೆ ಬ್ಯಾಂಕಿನಲ್ಲಿ ಖಾತೆಯೂ ಇಲ್ಲ. ಬ್ಯಾಂಕಿನ ಸಾಲಿನಲ್ಲಿ ಒಬ್ಬರ ಜೊತೆ ನಾಯಿಯೂ ನಿಂತಿತ್ತು. ನಾಯಿಗೆ ಬಿಸ್ಕತ್ತು ಕೊಟ್ಟರು, ನಮ್ಮ ಡಾಕ್ಟರಿಗೆ ಖಾತೆ ಕೊಡಲಿಲ್ಲ!

ಈ ತಿಂಗಳೊಳಗೆ ಸೇರದಿದ್ದರೆ ಕೆಲಸ ಬೇರೆಯವರಿಗಂತೆ. ನನಗೆ ಅನ್ನ ಸೇರುತ್ತಿಲ್ಲ. "ಯವ್ವಾ, ಹಿಂಗ ಹೆದರಿದ್ರ ನನ್ನ ಮೊದಲ್ನೇ ಪೇಶೆಂಟ್ ನೀನ ಆಗ್ತಿ ನೋಡು" ಎಂದು ಇವಳು ನಗುತ್ತಾಳೆ. ಚಳಿಗೆ ಮೊಣಕಾಲು ಬೇರೆ ಹಿಡಿದುಕೊಂಡಿದೆ.

ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ನಿಮ್ಮ ಮಗನಿಗೆ ಹೇಳಿದರೆ ನಿಮ್ಮ ಮೇಲೆ ಕೂಗಾಡುತ್ತಾರೆ, ಅದಕ್ಕೇ ಈ ಕಾರ್ಡು. ಹೊಸ ಸರ್ಟಿಫಿಕೇಟು ಬೆಂಗಳೂರಿನಿಂದ ಊರಿನ ಮನೆಗೇ ಬರುತ್ತದೆ. ದೇವರ ಮುಂದೆ ಇಡಬೇಡಿ ಎಂದು ನಾನು ಹೇಗೆ ಹೇಳಲಿ? ಇಡಿ, ಕಾಯಿಯನ್ನೂ ಒಡೆಯಿರಿ. ಲಕೋಟೆ ಮಾತ್ರ ಒಡೆಯಬೇಡಿ ಅತ್ತೆ, ಕುಂಕುಮವನ್ನು ಅದರ ಮೇಲೆಯೇ ಹಚ್ಚಿ ಕಳಿಸಿಬಿಡಿ.

ನಿಮ್ಮ ಶೈಲಜಾ